ಅಂಗೈ ಬಣ್ಣ

ನಾಲ್ಕನೆಯ ನರ ಎಳೆಯುವಾಗ ಉಸಿರು ಬಿಡಬಾರದು. ಕೈಯ ಮೇಲ್ಬದಿಯ ಮೂರು ನರಗಳು ಹೇಗೋ ಬಂದುಬಿಡುತ್ತವೆ. ಕಿರುಬೆರಳಿನ ಕಡೆಗೆ ತಿರುಗುವ ಈ ನಾಲ್ಕನೆಯದು ಮಾತ್ರ, ಕುಂಚ ಕೂದಲೆಳೆಯಷ್ಟು ಅಲುಗಿದರೂ ಗಾಯದ ಗುರುತಿನಂತೆ ಕಾಣುತ್ತದೆ. ಅವಳು ಉಸಿರು ಬಿಗಿಹಿಡಿದು ತಿಳಿನೀಲಿಯನ್ನು ಎಳೆದಳು. ಮರದ ಗೂಟಕ್ಕೆ ಸಿಕ್ಕಿಸಿದ್ದ ಸಿಲಿಕೋನಿನ ಕೈಗೆ ಜೀವ ಬಂದಂತಾಯಿತು.

ಹತ್ತೊಂಬತ್ತು ವರ್ಷದಿಂದ ಅವಳು ಕೃತಕ ಕೈಗಳಿಗೆ ಬಣ್ಣ ಹಾಕುತ್ತಿದ್ದಳು. ಅವಳು ಬಿಡಿಸಿದ ಉಗುರನ್ನು ಕತ್ತರಿಸಲು ಹೋದವರಿದ್ದರಂತೆ. ಹಾಗಾಗಿ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಉಗುರಕ್ಕ. ಹಾಜರಿ ಪುಸ್ತಕದಲ್ಲಿ ಮಾತ್ರ, ಸೇರಿದ ದಿನ ಇದ್ದಂತೆ ಇವತ್ತಿಗೂ, 'ಸಹಾಯಕಿ'. ಯಾರಿಗೆ ಸಹಾಯಕಿ ಎಂದು ಅವಳು ಒಮ್ಮೆ ಕೇಳಿದ್ದಳು. ಗುಮಾಸ್ತ ನಕ್ಕು ಪುಟ ತಿರುಗಿಸಿದ್ದ.

ಹಿಂದಿನ ಕೋಣೆಯಲ್ಲಿ ಅವಳೂ ಸೇರಿ ಆರು ಜನ. ಆರೂ ಹೆಂಗಸರು, ಆರೂ ಕಪ್ಪು. ಮುಂದಿನ ಕೋಣೆಯಲ್ಲಿ ನಾಲ್ವರು. ನಾಲ್ವರೂ ಗಂಡಸರು, ನಾಲ್ವರೂ ಬಿಳುಪು. ಹೀಗೇ ಇರಬೇಕೆಂದು ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ಮುಂದಿನ ಕೋಣೆಯ ಕೆಲಸಕ್ಕೆ ಅವಳು ಎರಡು ಸಲ ಅರ್ಜಿ ಹಾಕಿದ್ದಳು. "ಕೈ ಕಳ್ಕೊಂಡು ಬಂದವರು ಮೊದಲು ನೋಡೋ ಮುಖ ಸಮಾಧಾನ ಕೊಡೋ ಹಾಗಿರಬೇಕಮ್ಮ" ಎಂದಿದ್ದರು ಮ್ಯಾನೇಜರು. ಆಮೇಲೆ ಅವಳ ಮನಸ್ಸಿಗೆ ನೋವಾಗದಿರಲೆಂದು, "ನಿನ್ನ ಕೈಚಳಕ ದೇವರು ಕೊಟ್ಟಿದ್ದು" ಎಂದೂ ಸೇರಿಸಿದ್ದರು. ದೇವರು ಕೊಟ್ಟದ್ದಕ್ಕೆ ಇವರು ಹುದ್ದೆ ಕೊಡಬೇಕಾಗಿಲ್ಲವಲ್ಲ.

ಹಿಂದಿನ ಕೋಣೆಯವರು ಗಿರಾಕಿಗಳ ಎದುರಿಗೆ ಬರುವಂತಿರಲಿಲ್ಲ. ಮುಂದಿನವರು ಅಳತೆ ತೆಗೆದು ಚೀಟಿ ಕಳಿಸುತ್ತಿದ್ದರು. ಬೆರಳುಗಳ ಉದ್ದ, ಮಣಿಕಟ್ಟಿನ ಸುತ್ತು, ಉಗುರಿನ ಆಕಾರ, ಕೊನೆಯಲ್ಲಿ ಬಣ್ಣದ ಸಂಖ್ಯೆ. ಹೆಸರಿಲ್ಲ, ಊರಿಲ್ಲ. ಬಣ್ಣದ ಪಟ್ಟಿಯಲ್ಲಿ ಒಟ್ಟು ಹನ್ನೆರಡು. ಒಂದರಿಂದ ಹತ್ತರವರೆಗೆ ಬಿಳುಪಿನ ಬಗೆಗಳು. ಹನ್ನೊಂದು ಕಂದು, ಹನ್ನೆರಡು ಕಡುಕಂದು. ಬಿಳುಪಿನಲ್ಲಿ ಹತ್ತು ಬಗೆ ಕಂಡ ಕಣ್ಣಿಗೆ ಉಳಿದ ಜನವೆಲ್ಲ ಎರಡೇ ಬಗೆ.

"ಇದು ನನ್ ಕೈಯೋ, ನಿಮ್ಮ ಹೆಂಡ್ತಿ ಕೈಯೋ?"

ಬಾಗಿಲಾಚೆಯಿಂದ ಬಂದ ದನಿಗೆ ಕೋಣೆಯ ಆರೂ ಜನ ತಲೆ ಎತ್ತಿದರು.

"ಸ್ವಲ್ಪ ಮೆಲ್ಲಗೆ ಮಾತಾಡಮ್ಮ. ಬೇರೆಯವರೂ ಕೂತಿದ್ದಾರೆ."

"ಕೂತಿರ್ಲಿ. ಅವರೂ ನೋಡ್ಲಿ. ಈ ಕೈ ಒಬ್ಬಳದು, ಆ ಕೈ ಇನ್ನೊಬ್ಬಳದು. ಇದನ್ನ ಹಾಕ್ಕೊಂಡು ಹೋದ್ರೆ ಯಾರದ್ದೋ ಕೈ ಕದ್ದಿದೀನಿ ಅಂತ ಪೊಲೀಸರು ಹಿಡೀತಾರೆ."

ಅಚ್ಚು ಬಿಡಿಸುವ ಮುದುಕಿ, ಎಲ್ಲರ ಬಾಯಲ್ಲಿ ಅಚ್ಚಿನಜ್ಜಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಬಾಯಿದೆ ಕಣೇ ಹುಡುಗಿಗೆ. ಕೈ ಹೋದ್ರೂ ಚಿಂತೆಯಿಲ್ಲ."

ಬಾಗಿಲು ತೆರೆದುಕೊಂಡಿತು. ಬಂದವನು ಅಳತೆ ಸಾರ್. ಅಳತೆ ತೆಗೆಯುವವನು, ಮೂವತ್ತು ದಾಟಿರಲಿಲ್ಲ. ಎಂಟು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವನಿಗೆ ನರ ಯಾವುದು, ಚರ್ಮದ ಮಡಿಕೆ ಯಾವುದು ಎಂದು ತೋರಿಸಿಕೊಟ್ಟವಳು ಉಗುರಕ್ಕನೇ. ಎರಡನೆಯ ತಿಂಗಳಿಗೆ ಅವನು ಸಾರ್ ಆಗಿದ್ದ. ಒಂದು ಎಡಗೈಯನ್ನು ತಂದು ಅವಳ ಮೇಜಿನ ಮೇಲೆ ಕುಕ್ಕಿದ.

"ನೋಡು, ನೀನು ಮಾಡಿರೋ ಘನಂದಾರಿ ಕೆಲಸ. ಆ ಹೆಂಗಸು ಕಪ್ಪಗೆ ಕಾಗೆ ಥರ ಇದ್ದಾಳೆ. ನೀನು ಇದಕ್ಕೆ ಈ ಬಣ್ಣ ಹಾಕಿದೀಯ."

ಕಾಗೆ ಎಂದವನು ಎದುರಿಗಿದ್ದ ಆರು ಜನರ ಮುಖವನ್ನೂ ನೋಡಲಿಲ್ಲ. ಅವಳು ಡಬ್ಬಿಯಿಂದ ಚೀಟಿ ಹುಡುಕಿ ತೆಗೆದಳು. "ಐದು ಅಂತ ಬರೆದಿದೀರಿ ಸಾರ್. ನಿಮ್ದೇ ಅಕ್ಷರ."

"ನಾನು ಪಟ್ಟಿ ಹಿಡಿದು ನೋಡೇ ಬರೆದಿದ್ದು. ಐದಕ್ಕೆ ಸರಿಯಾಗಿ ಕೂತಿತ್ತು. ನೀನೇ ಬಣ್ಣ ಕಲಸೋವಾಗ ಏನೋ ಮಾಡಿದೀಯ."

"ಹೇಗೆ ನೋಡಿದ್ರಿ ಅಂತ ಒಂದು ಸಲ ತೋರಿಸ್ತೀರಾ?"

ಅವನು ಬೇಸರದಿಂದ ಅವಳ ಬಲಗೈ ಹಿಡಿದು ಮೇಜಿನ ಮೇಲೆ ಅಂಗಾತ ಇರಿಸಿದ. ಜೇಬಿನಿಂದ ಬಣ್ಣದ ಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದ. ಹತ್ತು ವರ್ಷದಿಂದ ಮುಂದಿನ ಕೋಣೆಯಲ್ಲಿ ನಡೆದು ಬಂದ ರೀತಿಯೇ ಅದು. ಬೆರಳಿನ ಉದ್ದ ಅಳೆಯಲು ಕೈ ಅಂಗಾತ ಇರಬೇಕು. ಇದ್ದಂತೆಯೇ ಬಣ್ಣವನ್ನೂ ನೋಡಿ ಬರೆದುಬಿಡುವುದು. ಅಲ್ಲಿಯವರೆಗೆ ಬಂದ ಗಿರಾಕಿಗಳೆಲ್ಲ ಬಿಳಿಯರೇ, ಬಿಳಿ ಕೈಗೆ ಒಳಗೂ ಹೊರಗೂ ಅಂಥ ವ್ಯತ್ಯಾಸವಿಲ್ಲ. ಹಾಗಾಗಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಅವಳ ಅಂಗೈ ಐದನೆಯ ಬಣ್ಣಕ್ಕೆ ಸರಿಯಾಗಿ ಕೂತಿತ್ತು.

ಅವಳು ಕೈಯನ್ನು ಮಗುಚಿದಳು.

ಅವನು ನೋಡಿದ. ಪಟ್ಟಿಯನ್ನು ನೋಡಿದ. ಮತ್ತೆ ಕೈ ನೋಡಿದ. ಎಂಟು ವರ್ಷದಿಂದ ದಿನವೂ ತನಗೆ ಕೈಗಳನ್ನು ಮಾಡಿ ಕೊಟ್ಟ ಕೈಯನ್ನು ಅವನು ಅವತ್ತೇ ಮೊದಲ ಸಲ ನೋಡುತ್ತಿದ್ದಾನೆಂದು ಅವಳಿಗೆ ಅನ್ನಿಸಿತು.

"ಅಂಗೈನೂ ಕೈಯೇ ಅಲ್ವಾ?" ಎಂದ ಅವನು ಸಣ್ಣ ದನಿಯಲ್ಲಿ.

"ಹೌದಪ್ಪ, ಅಂಗಾಲೂ ಕಾಲೇ" ಎಂದಳು ಅಚ್ಚಿನಜ್ಜಿ ತನ್ನ ಮೂಲೆಯಿಂದ. ಯಾರೋ ಕಿಸಕ್ಕೆಂದರು. ಅವನು ಆ ಎಡಗೈಯನ್ನು ಎತ್ತಿಕೊಂಡು ಹಿಂತಿರುಗಿ ಹೋದ.

ಅರ್ಧ ಗಂಟೆಯ ಮೇಲೆ ಒಂದು ಹಾಳೆ ಹಿಡಿದು ಬಂದ. ಈಗ ಕುರ್ಚಿ ಎಳೆದುಕೊಂಡು ಕೂತ.

"ಅಕ್ಕಾ, ನೀವು ಬೇಜಾರು ಮಾಡ್ಕೋಬಾರದು."

ಎಂಟು ವರ್ಷದಲ್ಲಿ ಅವಳು ಅವನಿಗೆ ಅಕ್ಕ ಆದದ್ದು ಅವತ್ತೇ, ನೀವು ಆದದ್ದೂ ಅವತ್ತೇ. ಹಾಳೆಯ ಮೇಲೆ ಏನಿರಬಹುದೆಂದು ಓದದೆಯೇ ಗೊತ್ತಾಯಿತು. ದೋಷದ ವರದಿ. ಬಣ್ಣದ ತಪ್ಪು, ಅಳತೆಯ ತಪ್ಪು ಎಂದು ಎರಡು ಚೌಕ. ಬಣ್ಣದ ಚೌಕದಲ್ಲಿ ಆಗಲೇ ಗುರುತು ಬಿದ್ದಿತ್ತು. ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿತ್ತು.

"ಮುಂದಿನ ತಿಂಗಳು ಹೊಸ ಶಾಖೆಗೆ ನನ್ನನ್ನ ಮುಖ್ಯಸ್ಥ ಮಾಡ್ತಾರಂತೆ. ಈಗ ನನ್ನ ಹೆಸರಲ್ಲಿ ಇದು ಬಂದ್ರೆ ಮುಗೀತು. ನಿಮಗೇನಾಗುತ್ತೆ ಅಕ್ಕ? ನೀವು ಸಹಾಯಕಿ. ಸಹಾಯಕಿಯರ ಕಡತ ಯಾರು ತೆಗೆದು ನೋಡ್ತಾರೆ?"

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳ ಮೈ ಉರಿದದ್ದು ಅದಕ್ಕೇ. ನನಗೆ ಏನೂ ಆಗುವುದಿಲ್ಲ, ಏಕೆಂದರೆ ಆಗುವುದಕ್ಕೆ ಇವರು ನನ್ನಲ್ಲಿ ಏನನ್ನೂ ಉಳಿಸಿಲ್ಲ.

"ಆ ಹೆಣ್ಣುಮಗಳಿಗೆ?" ಎಂದಳು.

"ಮೇಲೆ ಒಂದು ಕೋಟು ಬಣ್ಣ ಹೊಡೆದು ಕೊಡೋದು. ನಿಯಮ ಇರೋದೇ ಹಾಗೆ."

ನಿಯಮ ಅವಳಿಗೂ ಗೊತ್ತಿತ್ತು. ಅಳತೆಯ ತಪ್ಪಾದರೆ ಹೊಸ ಕೈ. ಬಣ್ಣದ ತಪ್ಪಾದರೆ ಮೇಲುಬಣ್ಣ ಮಾತ್ರ, ಹೊಸ ಕೈ ಮೂರು ವರ್ಷದ ಮೇಲೆ. ಚರ್ಮದ ಬಣ್ಣ ಒಳಗಿನಿಂದ ಬರಬೇಕು, ಸಿಲಿಕೋನ್ ಕಲಸುವಾಗಲೇ ಬೆರೆಸಬೇಕು. ಮೇಲೆ ಹೊಡೆದದ್ದು ತಿಂಗಳೊಳಗೆ ಬೆರಳ ಗಂಟುಗಳಲ್ಲಿ ಬಿರುಕು ಬಿಟ್ಟು ಸಿಪ್ಪೆಯಂತೆ ಏಳುತ್ತದೆ. ಇದು ಅವನಿಗೂ ಗೊತ್ತಿತ್ತು. ಕಲಿಸಿದವಳು ಅವಳೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದಳು ಅಚ್ಚಿನಜ್ಜಿ, ಯಾರಿಗೂ ಅಲ್ಲ ಎಂಬಂತೆ ಅಚ್ಚು ತಟ್ಟುತ್ತ. "ಅದೂ ಎಮ್ಮೆ ಕಪ್ಪಗಿದ್ರೆ ಬರೆ ಕಾಣಿಸೋದೂ ಇಲ್ಲ."

"ನಾಳೆ ಬೆಳಗ್ಗೆ ಕೊಡಿ ಅಕ್ಕ, ಅವಸರವಿಲ್ಲ" ಎಂದು ಅವನು ಎದ್ದ.

ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಇಪ್ಪತ್ತೈದು ವರ್ಷವಿರಬಹುದು. ಎಡತೋಳನ್ನು ದುಪಟ್ಟದೊಳಗೆ ಮುಚ್ಚಿಟ್ಟುಕೊಂಡಿದ್ದಳು. ತೊಡೆಯ ಮೇಲೆ ಕಾರ್ಖಾನೆಯ ಡಬ್ಬಿ. ಉಗುರಕ್ಕ ಪಕ್ಕದಲ್ಲಿ ಕೂತಳು.

"ನೀವೂ ಅಲ್ಲಿಂದ್ಲೇನಾ ಬಂದ್ರಿ ಅಕ್ಕ?" ಎಂದು ಹುಡುಗಿಯೇ ಮಾತಿಗೆ ಶುರುಮಾಡಿದಳು. "ಹೋಟೆಲ್ ಲಾಂಡ್ರಿಯಲ್ಲಿದ್ದೆ. ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋ ರೋಲರ್‌ಗೆ ಕೈ ಹೋಯ್ತು. ಕೆಳಗಡೆ ಬೀಗದ ಕೈ ಕೊಡೋ ಕೌಂಟರ್‌ನಲ್ಲಿ ಜಾಗ ಕೊಡ್ತೀವಿ, ನೋಡೋಕೆ ಸರಿಯಾದ ಕೈ ಹಾಕ್ಕೊಂಡು ಬಾ ಅಂದ್ರು. ಒಂದನೇ ತಾರೀಕಿನೊಳಗೆ. ಇಲ್ದಿದ್ರೆ ಬೇರೆಯವಳನ್ನ ನೋಡ್ಕೋತಾರಂತೆ."

"ಬಣ್ಣ ಹೊಡೆದು ಕೊಡ್ತೀವಿ ಅಂದ್ರಾ?"

"ಅಂದ್ರು. ಗೋಡೆಗೆ ಹೊಡೆಯೋ ಹಾಗೆ. ಅಲ್ಲೀವರೆಗೂ ಇದನ್ನೇ ಹಾಕ್ಕೋ ಅಂತ ಕೊಟ್ಟು ಕಳಿಸಿದ್ರು." ಡಬ್ಬಿ ತೆರೆದು ಕೈ ತೋರಿಸಿದಳು. "ಮಾಡಿದವಳು ಯಾರೋ ಕಣ್ಣಿಲ್ಲದ ಮಾರಾಯ್ತಿ."

ಬಸ್ಸೊಂದು ಬಂದು ಹೋಯಿತು. ಉಗುರಕ್ಕ ಅದನ್ನು ಬಿಟ್ಟಳು. "ನಾನೇ ಮಾಡಿದ್ದು" ಎಂದಳು.

ಹುಡುಗಿ ಅವಳ ಮುಖ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಅವಳ ಕಪ್ಪು ಕೈಗಳನ್ನು ನೋಡಿದಳು. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ.

"ನಮ್ಮವರಾಗಿ ನೀವೇ ಹೀಗೆ ಮಾಡಿದ್ರಾ?" ಎಂದು ಮಾತ್ರ ಕೇಳಿದಳು.

ಚೀಟಿಯ ಕತೆ, ಅಂಗೈಯ ಕತೆ, ಬಾಗಿಲಾಚೆಗೆ ಬರಲು ಬಿಡದ ಕತೆ, ಎಲ್ಲವೂ ನಾಲಿಗೆಯ ತುದಿಗೆ ಬಂತು. ಹೇಳಿದರೆ ಇವಳು ಹೌದಾ ಅಕ್ಕ ಎನ್ನುತ್ತಾಳೆ, ಅಯ್ಯೋ ಎನ್ನುತ್ತಾಳೆ. ತನಗೆ ಹಗುರವಾಗುತ್ತದೆ, ಅಷ್ಟೆ. ಇವಳ ತೋಳು ಹಾಗೇ ಇರುತ್ತದೆ. ತಾನು ಹಗುರವಾಗುವುದು ಉಗುರಕ್ಕನಿಗೆ ಬೇಡವಾಗಿತ್ತು.

"ನಿನ್ನ ಬಲಗೈ ಕೊಡು, ಒಂದ್ಸಲ ನೋಡ್ತೀನಿ" ಎಂದಳು.

ಹುಡುಗಿ ಅನುಮಾನದಿಂದಲೇ ಚಾಚಿದಳು. ಉಗುರಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳ ಗಂಟುಗಳಲ್ಲಿ ಹೆಚ್ಚು ಕಪ್ಪು, ಉಗುರಿನ ಬುಡದಲ್ಲಿ ನಸುಗೆಂಪು, ಮಣಿಕಟ್ಟಿನ ಒಳಗೆ ಜೇನಿನಂಥ ಒಂದು ಹೊಳಪು. ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ. ಪಟ್ಟಿಯಲ್ಲೇ ಇಲ್ಲದ ಬಣ್ಣ. ಕೆಂಪು, ಹಳದಿ, ಕಪ್ಪು, ಚಿಟಿಕೆ ನೀಲಿ. ಎಲ್ಲವೂ ಅವಳ ಮೇಜಿನ ಮೇಲೆ ಇದ್ದವು.

"ಏನ್ ಮಾಡ್ತೀರಿ?" ಎಂದಳು ಹುಡುಗಿ.

"ನೋಡೋಣ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಅಚ್ಚಿನಜ್ಜಿಯ ಮಗನಿಗೂ ಉಗುರಕ್ಕನ ಗಂಡನಿಗೂ ಒಂದೇ ಗೋದಾಮಿನಲ್ಲಿ ಕೆಲಸ.

"ಸುಮ್ನೆ ಒಂದು ಸೈನ್ ಹಾಕಿ ಬಿಸಾಕೇ" ಎಂದ ಗಂಡ, ಬೂಟು ಬಿಚ್ಚುತ್ತ. "ನಮ್ಮಂಥವರಿಗೆ ಯಾಕೆ ದೊಡ್ಡವರ ಸಹವಾಸ?"

"ದೊಡ್ಡವನು ಯಾರು? ಆ ಹುಡುಗನಿಗೆ ನರ ಎಳೆಯೋಕೆ ಇವತ್ತಿಗೂ ಬರಲ್ಲ."

"ಬರ್ದಿದ್ರೂ ಅವನು ಮುಂದಿನ ಕೋಣೆಯವನು."

ಒಳಗಿನಿಂದ ಅತ್ತೆ ದನಿಗೂಡಿಸಿದರು. "ಹೆಣ್ಣಿಗೆ ಹಟ ಇರಬಾರದಮ್ಮ. ತಪ್ಪು ಒಪ್ಕೊಂಡ್ರೆ ಮೈ ಏನು ಸವೆಯುತ್ತಾ?"

ಸವೆಯುತ್ತದೆ ಅತ್ತೆ ಎನ್ನಬೇಕೆನ್ನಿಸಿತು. ಹತ್ತೊಂಬತ್ತು ವರ್ಷ ಸವೆದದ್ದು ಹೀಗೆಯೇ, ಒಂದೊಂದು ಸಹಿಯಲ್ಲಿ, ಒಂದೊಂದು 'ಹೋಗಲಿ ಬಿಡಿ'ಯಲ್ಲಿ. ಆ ಮಾತನ್ನು ಅತ್ತೆಯೂ ಯಾರಿಗೋ ಹೇಳಬೇಕೆಂದು ಹೇಳದೆ ಮುದುಕಿಯಾದವರು. ಅವಳು ಅನ್ನಕ್ಕಿಟ್ಟಳು, ತರಕಾರಿ ಹೆಚ್ಚಿದಳು. ಕೈಗಳು ತಮ್ಮ ಕೆಲಸ ಮಾಡುತ್ತಿದ್ದವು, ಒಳಗೆ ಮಾತು ಅಚ್ಚಿನಂತೆ ಗಟ್ಟಿಯಾಗುತ್ತಿತ್ತು.

ಮಗಳು ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. "ಒಂದು ಹಾಳೆ ಕೊಡೇ" ಎಂದು ಉಗುರಕ್ಕ ಇಸಿದುಕೊಂಡು ಎದುರಿಗೆ ಕೂತಳು. ಅಳತೆ ತೆಗೆದ ತಾರೀಕು ಬರೆದಳು. ಚೀಟಿಯಲ್ಲಿದ್ದ ಸಂಖ್ಯೆ ಬರೆದಳು. ಬಣ್ಣವನ್ನು ಅಂಗೈ ನೋಡಿ ಬರೆಯಲಾಗಿದೆ, ಇದು ಅಳತೆಯ ತಪ್ಪು, ಈ ಗಿರಾಕಿಗೆ ಹೊಸ ಕೈ ಕೊಡಬೇಕು ಎಂದು ಬರೆದಳು. ಈ ಮಾತನ್ನು ಮ್ಯಾನೇಜರು ನಂಬದಿದ್ದರೆ ತನ್ನ ಕೈಯನ್ನೇ ಮಗುಚಿ ತೋರಿಸಲು ಸಿದ್ಧ ಎಂದು ಬರೆದು, ಆ ಸಾಲನ್ನು ಮಾತ್ರ ಹೊಡೆದುಹಾಕಿದಳು. ಬೇಡುವ ದನಿ ಅಲ್ಲಿ ಬೇಡವಾಗಿತ್ತು. ಕೆಲಸ ಹೋಗಬಹುದು. ಹೋಗುವುದಾದರೆ ತಪ್ಪು ಒಪ್ಪಿಕೊಂಡು ಹೋಗುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು.

"ಏನಮ್ಮ ಬರೀತಿದ್ದೀಯ?" ಮಗಳು ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು.

"ರಜಾ ಚೀಟಿ."

ಹಾಳೆಯನ್ನು ಮಡಚಿ ಚೀಲದೊಳಗೆ ಇಟ್ಟಳು. ಅಳತೆ ಸಾರ್ ಕೊಟ್ಟ ಹಾಳೆಯನ್ನೂ, ಸಹಿಯ ಜಾಗ ಖಾಲಿ ಇರುವಂತೆಯೇ, ಅದರ ಜೊತೆಗಿಟ್ಟಳು.

"ಸೈನ್ ಹಾಕಿದ್ಯಾ?" ಎಂದ ಗಂಡ ಆಚೆ ಕೋಣೆಯಿಂದ.

"ಬನ್ನಿ, ಊಟಕ್ಕೆ ಬಡಿಸ್ತೀನಿ" ಎಂದಳು ಅವಳು.