ಅಂಟು ಒಣಗುವವರೆಗೆ

ಅಚ್ಚಾಗಿ ಬಂದ ಹಾಳೆಗಳನ್ನು ಮಡಚಿ, ಮಡಿಕೆಯ ಮೇಲೆ ಮರದ ಪಟ್ಟಿ ಎಳೆದು ಪಕ್ಕಕ್ಕೆ ಪೇರಿಸುತ್ತಿದ್ದೆ. ಎದುರಿಗೆ ಅಕ್ಕ ಅವನ್ನು ಹೊಲಿಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಮಾತಿನ ಗುತ್ತಿಗೆ ಹಿಡಿದವರು ಅಕ್ಕನ ಮಾವ. ಅವರು ಇನ್ನೂ ಬಂದಿರಲಿಲ್ಲ.

ಕಿಟಕಿಯ ಬಳಿ ಸ್ಟೂಲಿನ ಮೇಲೆ ಅಕ್ಕನ ಮಗಳು, ನಾವೆಲ್ಲ ಠಸ್ಸೆ ಅಂತ ಕರೆಯುವವಳು, ರಟ್ಟಿನ ಚೂರುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಆ ಹೆಸರಿಟ್ಟದ್ದು ಅವಳ ತಾತ, ಅಂದರೆ ಅದೇ ಮಾವ. ಅವಳ ತಲೆಯಲ್ಲಿ ಒಮ್ಮೆ ಒತ್ತಿದ್ದು ಅಳಿಸುವುದಿಲ್ಲ ಅಂತ. ಎಂಟು ವರ್ಷವಾದರೂ ಮಾತು ಕಡಿಮೆ. ಸದ್ದು ಹೆಚ್ಚಾದರೆ, ಜೋಡಿಸಿದ್ದು ಅಲುಗಿದರೆ, ಕೈಯಲ್ಲಿದ್ದದ್ದು ಗಾಳಿಯಲ್ಲಿ. ಒಮ್ಮೆ ಅಂಟಿನ ಕುಂಚ ಗಿರಾಕಿಯೊಬ್ಬರ ಬಿಳಿ ಅಂಗಿಗೆ ಬಡಿಯಿತು. "ಅಂಗಿಗೂ ಬೈಂಡಿಂಗ್ ಉಂಟಾ?" ಎಂದು ಕೇಳಿ ಹೋದವರು ಮತ್ತೆ ಬರಲಿಲ್ಲ.

ಅಂದೇ ತಾತ ಅಕ್ಕನಿಗೆ ಹೇಳಿದ್ದರು. "ಈ ಆರ್ಡರ್ ಮುಗಿಯೋವರೆಗೆ ನೋಡ್ತೀನಿ. ಆಮೇಲೂ ಎಸೀತಿದ್ರೆ ಅವಳೂ ಮನೇಲಿರ್ಲಿ, ನೀನೂ ಮನೇಲಿರು."

ಅಕ್ಕನಿಗೆ ಸೂಜಿ ಹಿಡಿದರೇ ಉಸಿರು ಸಲೀಸು. ಅವಳು ಯೋಚಿಸಿ ಒಂದು ನಿಯಮ ಮಾಡಿದಳು. ಅಂಟು ಹಚ್ಚಿದ ಪುಸ್ತಕಗಳನ್ನು ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿದರೆ, ಒಣಗುವ ಮೊದಲು ನಮ್ಮಲ್ಲಿ ಯಾರೂ ಬಿಚ್ಚುವಂತಿಲ್ಲ. ಅದು ಠಸ್ಸೆಗೂ ಗೊತ್ತು. ಹಾಗಾಗಿ ಎಸೆದ ವಸ್ತು ಪ್ರೆಸ್ಸಿನ ಮೇಲಿನ ಹಲಗೆಗೆ.

"ಎಸೆದಿದ್ದು ಮಲಗುತ್ತೆ. ಅಂಟು ಒಣಗಿದ್ಮೇಲೆ ಏಳುತ್ತೆ."

ಅಕ್ಕ ಹೇಳುವುದು ಇಷ್ಟೇ. ಗದರಿಕೆಯಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ. ಮಗು ಅತ್ತರೆ ಪಕ್ಕದಲ್ಲಿ ಕೂತು ಮತ್ತೆ ಅದೇ ಮಾತು, ಅದೇ ದನಿ. ಒಣಗಿದ ಮೇಲೆ ವಸ್ತು ಕೈಗೆ, ಉಪದೇಶವಿಲ್ಲದೆ.

ಆದರೂ ಎಸೆತ ನಿಲ್ಲಲಿಲ್ಲ. ನಾನು ಬಾಯಿ ಬಿಡುವವಳಲ್ಲ, ಕಣ್ಣು ಬಿಟ್ಟುಕೊಂಡಿರುವವಳು. ಎಸೆದ ಕೂಡಲೇ ಅವಳು ನೋಡುತ್ತಿದ್ದದ್ದು ತಾತನನ್ನು. ತಾತ ಮೊದಲು ಮಾಡು ಹಾರುವಂತೆ ಗದರುವರು. ಅವಳ ತುಟಿ ನಡುಗಿದರೆ ಕರಗಿ ನೀರಾಗಿ, ಅಕ್ಕ ಅತ್ತ ತಿರುಗಿದಾಗ ವಸ್ತುವನ್ನು ಇಳಿಸಿ ಕೊಟ್ಟುಬಿಡುವರು. ಮನೆಗೆ ಹೋಗುವಾಗ ಅಕ್ಕನ ಕಿವಿಗೆ ಹಾಕಿದೆ.

"ಮಾವ, ನೀವು ಗದರೋದೂ ಬೇಡ, ಇಳಿಸಿಕೊಡೋದೂ ಬೇಡ," ಎಂದಳು ಅಕ್ಕ ಮರುದಿನ.

"ನಾನೆಲ್ಲಿ ಇಳಿಸ್ದೆ? ಅದೇ ಜಾರಿ ಬಿತ್ತು."

"ದಿನಾ ಜಾರುತ್ತಾ?"

"ಹಲಗೆ ಓರೆ ಇದೆ ಕಣಮ್ಮ."

ಆಮೇಲಿಂದ ಮಗು ಅತ್ತರೆ ತಾತ ಬೀದಿಗೆ ಹೋಗಿ, ಬಾರದ ಗಿರಾಕಿಯ ದಾರಿ ನೋಡುತ್ತಾ ನಿಲ್ಲುತ್ತಿದ್ದರು. ಎಸೆತವೂ ಕಡಿಮೆಯಾಗುತ್ತಾ ಬಂತು.

ಇವತ್ತು ಆ ಆರ್ಡರಿನ ಕೊನೆಯ ಪುಸ್ತಕಗಳು ಪ್ರೆಸ್ಸಿನಲ್ಲಿದ್ದವು. ಈಗ ಕೈಯಲ್ಲಿದ್ದ ಹಾಳೆಗಳು ಮುಂದಿನದಕ್ಕೆ. ಅದನ್ನು ಹೊಲಿದು ಮುಗಿಸುವವಳು ಅಕ್ಕನೋ ಬೇರೆಯವರೋ, ತೀರ್ಮಾನವಾಗಿರಲಿಲ್ಲ.

ತಾತ ಫೋನಿನಲ್ಲಿ ಕಾಗದದ ವ್ಯಾಪಾರಿಯ ಜೊತೆ ಜಗಳವಾಡುತ್ತಲೇ ಒಳಗೆ ಬಂದರು.

"ರೀ, ನಾನು ಕೇಳಿದ್ದು ಕೆನೆ ಬಣ್ಣ. ನೀವು ಕಳಿಸಿರೋದು ಕಾಮಾಲೆ ಬಣ್ಣ. ಏನು, ಬಿಸಿಲಿಗಿಟ್ರೆ ಸರಿಹೋಗುತ್ತಾ? ನಿಮ್ಮನ್ನೇ ಇಡ್ಬೇಕು ಬಿಸಿಲಿಗೆ."

ಮಾತು ಮುಗಿಸಿ ಫೋನನ್ನು ಬೀಸಿ ಎಸೆದರು. ಅದು ನಾನು ಪೇರಿಸಿದ್ದ ಹಾಳೆಗಳನ್ನು ಚೆಲ್ಲಾಪಿಲ್ಲಿ ಮಾಡಿ ಮೇಜಿನ ಅಂಚಿನಲ್ಲಿ ನಿಂತಿತು. ಠಸ್ಸೆಯ ಸಾಲೂ ಅಲುಗಿತು. ಅವಳ ಕೈಯಲ್ಲಿ ದಪ್ಪ ರಟ್ಟಿತ್ತು. ಕೈ ಮೇಲೆದ್ದಿತು. ಅಕ್ಕನ ಸೂಜಿ ನಿಂತಿತು.

ಅವಳು ರಟ್ಟನ್ನು ಕೆಳಗಿಟ್ಟಳು. ಸ್ಟೂಲಿನಿಂದ ಇಳಿದಳು. ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ತುದಿಗಾಲಲ್ಲಿ ನಿಂತು ಹಲಗೆಯ ಮೇಲಿಟ್ಟಳು.

"ಎಸೆದಿದ್ದು ಮಲಗುತ್ತೆ," ಎಂದಳು, ಅಕ್ಕನದೇ ದನಿಯಲ್ಲಿ.

ಫೋನು ಆಗಲೇ ಹೊಡೆದುಕೊಳ್ಳತೊಡಗಿತು.

"ವ್ಯಾಪಾರಿ ಇರ್ಬೇಕು, ಕಾಗದ ಬದಲಾಯಿಸ್ತಾನೇನೋ," ಎಂದರು ತಾತ. "ದೊಡ್ಡವರಿಗೆ ಈ ಕಾನೂನಿಲ್ಲ ಅಂತ ಹೇಳಮ್ಮ ಅವಳಿಗೆ."

"ಹೇಳ್ಬಹುದು ಮಾವ," ಎಂದಳು ಅಕ್ಕ. "ನಾಳೆಯಿಂದ ಅವಳಿಗೂ ಇರಲ್ಲ, ಅಷ್ಟೇ."

ತಾತ ಕೈ ಚಾಚಿದರು. ಹಲಗೆ ಅವರ ಭುಜದೆತ್ತರ. ಠಸ್ಸೆ ಆ ಕೈಯನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಬೇರೆ ಕೆಲಸಕ್ಕೆ ಹೊರಟಂತೆ ಅವರದೇ ಕುತ್ತಿಗೆ ತುರಿಸಿ ಕೆಳಗಿಳಿಯಿತು.

ಅವಳು ಪ್ರೆಸ್ಸಿನಲ್ಲಿದ್ದ ಪುಸ್ತಕದ ಬೆನ್ನು ಮುಟ್ಟಿ, ಬೆರಳನ್ನು ತಾತನಿಗೆ ತೋರಿಸಿದಳು.

"ಹಸಿ."

ಫೋನು ನಿಂತು ಮತ್ತೆ ಶುರುವಾಯಿತು. ತಾತ ಠಸ್ಸೆಯ ಸ್ಟೂಲಿನ ಮೇಲೆ ಕೂತರು. ಅಕ್ಕ ದಾರಕ್ಕೆ ಮೇಣ ಸವರಿದಳು. ಚೆಲ್ಲಿದ್ದ ಹಾಳೆ ಆರಿಸುತ್ತಾ ನಾನು ನಗು ಕಾಣದಂತೆ ತಲೆ ತಗ್ಗಿಸಿದೆ.

"ಯಾರು ಮಾಡ್ತಿದ್ದಾರೆ ಅಂತಾದ್ರೂ ನೋಡಿ ಹೇಳ್ರಮ್ಮ," ಎಂದರು ತಾತ.