ಜೇನು ಬಾರದ ಕುಂಬಳ ಬಳ್ಳಿ

ಬಳ್ಳಿ ತುಂಬ ಹಳದಿ ಹೂವು. ಕಾಯಿ ಮಾತ್ರ ಒಂದೂ ನಿಲ್ಲುತ್ತಿರಲಿಲ್ಲ. ಹೆಬ್ಬೆರಳಿನಷ್ಟು ಹೀಚು ಕಾಣಿಸಿಕೊಂಡು, ಮೂರೇ ದಿನಕ್ಕೆ ಬಾಡಿ ಉದುರುತ್ತಿತ್ತು.

ಬಳ್ಳಿ ನೆಟ್ಟ ಮನೆಯ ಅತ್ತೆಗೆ ಊಟವೇ ಸೇರುತ್ತಿರಲಿಲ್ಲ. ತೀರಿಹೋದ ತಂಗಿ ವರ್ಷ ವರ್ಷವೂ ಜೋಪಾನ ಮಾಡಿ ಕೊಡುತ್ತಿದ್ದ ಕುಂಬಳದ ಬೀಜ ಅದು. ಉಳಿದಿದ್ದ ನಾಲ್ಕರಲ್ಲಿ ಮೊಳೆತದ್ದು ಇದೊಂದೇ.

"ಹುಳದ ಕಾಟ ಕಣೇ" ಎಂದು ಸೊಸೆಗೆ ಹೇಳಿ ದಿನಾ ಬೆಳಿಗ್ಗೆ ಬಳ್ಳಿಗೆ ಔಷಧಿ ಹೊಡೆಯುತ್ತಿದ್ದರು.

ಸೊಸೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. "ಅತ್ತೆ, ಕುಂಬಳದ ಹೂವು ಅರಳೋದೂ ಬೆಳಿಗ್ಗೆ, ಜೇನು ಬರೋದೂ ಬೆಳಿಗ್ಗೆ. ಅದೇ ಹೊತ್ತಿಗೆ ವಿಷ ಹೊಡೆದ್ರೆ ಗಂಡು ಹೂವಿನ ಪುಡೀನ ಹೆಣ್ಣು ಹೂವಿಗೆ ಯಾರು ಮುಟ್ಟಿಸ್ತಾರೆ?"

"ಜೇನಾ? ಜೇನು ಕಚ್ಚಿ ನಿನ್ನ ಗಂಡನ ತುಟಿ ಬದನೆಕಾಯಿ ಥರ ಊದಿದ್ದು ಮರೆತ್ಯಾ? ಮೂರು ದಿನ ಮಾತೇ ಆಡ್ಲಿಲ್ಲ ಅವನು!"

"ಮನೆ ಎಷ್ಟು ಶಾಂತವಾಗಿತ್ತು ಆಗ!"

ಅತ್ತೆಗೆ ನಗು ಬಂತು. ನಂಬಿಕೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಬಕೆಟ್ಟಿನ ನೀರಿನಲ್ಲಿ ಒಂದು ಜೇನ್ನೊಣ ಬಿದ್ದು ಒದ್ದಾಡುತ್ತಿತ್ತು. ಅತ್ತೆ ನೀರು ಚೆಲ್ಲಲು ಹೋದರು.

"ತಡೀರಿ ಅತ್ತೆ! ನೀರು ಕುಡಿಯೋಕೆ ಬಂದಿದೆ ಪಾಪ, ಕಾಲೂರೋಕೆ ಜಾಗ ಇಲ್ದೆ ಬಿದ್ದಿದೆ."

ಸೊಸೆ ಅದನ್ನು ಎಲೆಯಿಂದ ಎತ್ತಿ ಬಿಸಿಲಿಗಿಟ್ಟಳು. ಭೂತಗನ್ನಡಿ ತಂದು ಅತ್ತೆಯ ಕೈಗೆ ಕೊಟ್ಟಳು.

ಬಗ್ಗಿದ ಅತ್ತೆ ಏಳಲೇ ಇಲ್ಲ. ಮೈತುಂಬ ಹೊನ್ನಿನ ಬಣ್ಣದ ರೋಮ. ಕಣ್ಣಿನ ಮೇಲೂ ರೋಮ! ಹಿಂಗಾಲಿನಲ್ಲಿ ಹೂವಿನ ಪುಡಿ ತುಂಬಿಕೊಳ್ಳಲೆಂದೇ ಪುಟ್ಟ ಬುಟ್ಟಿಯಂಥ ತಗ್ಗು. ಒದ್ದೆ ಮುಖದ ಮೀಸೆಗಳನ್ನು ಅದು ಮುಂಗಾಲಿನಿಂದ ಒಂದೊಂದಾಗಿ ಬಾಚಿಕೊಳ್ಳುತ್ತಿತ್ತು.

"ಅಯ್ಯೋ, ಇಷ್ಟು ಚಿಕ್ಕ ಮೈಯಲ್ಲಿ ಇಷ್ಟೆಲ್ಲಾ ಸಾಮಾನು ಜೋಡಿಸಿದೋರು ಯಾರೇ?" ಎಂದು ಪಿಸುಗುಟ್ಟಿದರು, ಉಸಿರು ತಾಗೀತೆಂದು ಬಾಯಿಗೆ ಸೆರಗು ಹಿಡಿದು.

ರೆಕ್ಕೆ ಒಣಗಿತು. ಅದು ಗುಂಯ್ ಎಂದು ಹಾರಿಹೋಯಿತು. ಅತ್ತೆ ಬಹಳ ಹೊತ್ತು ಆಕಾಶ ನೋಡುತ್ತ ನಿಂತರು.

"ಇಂಥವನ್ನ ಎಷ್ಟು ಕೊಂದೆನೋ ನಾನು."

ಅಂದಿನಿಂದ ಔಷಧಿ ನಿಂತಿತು. ಹುಳ ಕಂಡರೆ ಕೈಯಿಂದಲೇ ಆರಿಸಿದರು. ತುಟಿ ಊದಿಸಿಕೊಂಡಿದ್ದ ಮಗನೇ ಸಣ್ಣ ಕಲ್ಲು ತಂದು ತಟ್ಟೆಗೆ ಹಾಕಿ ನೀರಿಟ್ಟ. ಗೋಡೆ ಬದಿಯ ಕಾಡುಹೂವುಗಳನ್ನು ಯಾರೂ ಕೀಳಲಿಲ್ಲ.

ಒಂದು ವಾರ ಒಂದು ಜೇನ್ನೊಣವೂ ಸುಳಿಯಲಿಲ್ಲ. ಎಂಟನೆಯ ಬೆಳಿಗ್ಗೆ ಹೂವೊಂದು ಒಳಗಿನಿಂದ ಗುನುಗಿತು.

"ಬಾರೇ ಬೇಗ!" ಅತ್ತೆ ಸೊಸೆಯನ್ನು ಕೂಗಿದರು.

ಮೈಯೆಲ್ಲ ಹಳದಿ ಮೆತ್ತಿಕೊಂಡ ಜೇನ್ನೊಣ ಹೊರಬಂದು ಪಕ್ಕದ ಹೆಣ್ಣು ಹೂವಿನೊಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಅತ್ತೆ ಸೊಸೆಯ ಕೈ ಹಿಡಿದುಕೊಂಡರು.

ಆ ಹೂವಿನ ಕಾಯಿ ನಿಂತಿತು. ಬಿಂದಿಗೆಗಿಂತ ದೊಡ್ಡದಾಯಿತು. ಬೀಜ ಕೇಳಲು ಬಂದ ನೆರೆಯವರಿಗೆಲ್ಲ ಅತ್ತೆಯದು ಒಂದೇ ಷರತ್ತು: "ಅರಳಿದ ಹೂವಿಗೆ ವಿಷ ಹೊಡೀಬಾರ್ದು."

ನೀವೂ ಹೊಡೆಯಬೇಡಿ. ಅಗಲವಾದ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ, ದಿನಾ ಬದಲಿಸಿ. ಒಂದು ಮೂಲೆಯಲ್ಲಿ ಕಾಡುಹೂವಿಗೂ ಜಾಗ ಬಿಡಿ. ಮನೆಗೆ ಜೇನು ಕಟ್ಟಿದರೆ ಬೆಂಕಿ ಹಚ್ಚದೆ, ಬಲ್ಲವರನ್ನು ಕರೆಯಿರಿ. ನಾಳೆ ಬೆಳಿಗ್ಗೆ ಒಂದು ಹೂವಿನ ಮುಂದೆ ಸುಮ್ಮನೆ ನಿಂತು ನೋಡಿ. ನಮ್ಮ ತಟ್ಟೆಯ ಊಟದಲ್ಲಿ ಎಷ್ಟೊಂದು ಪಾಲು ಆ ರೆಕ್ಕೆಗಳ ಮೇಲೆ ಬರುತ್ತಿದೆ!