ಟಿವಿಯಲ್ಲಿ ಸತ್ತ ಮರಿಸ್ವಾಮಿ

ಕಾಲೇಜು ಹುಡುಗರನ್ನು ಕಂಡರೆ ಶೋಯಬ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಮದುವೆ ಮನೆಗಳಲ್ಲಿ ಲೈಟು ಹಿಡಿದು, ಬೈಸಿಕೊಂಡು ಕ್ಯಾಮೆರಾ ಕಲಿತು, ಈಗ ಪಾಂಡವಪುರದ ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ಶೂಟಿಂಗು, ಎಡಿಟಿಂಗು, ವೈರು ಸುತ್ತುವುದು ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದ. ಪ್ರತಿ ವರ್ಷ ಇಂಟರ್ನ್‌ಶಿಪ್ ಎಂದು ಬರುವವರು ಮೈಕ್ ಹಿಡಿದು ಫೋಟೊ ತೆಗೆಸಿಕೊಂಡು, ಸರ್ಟಿಫಿಕೇಟ್ ಇಸಿದುಕೊಂಡು ಬಸ್ಸು ಹತ್ತುತ್ತಿದ್ದರು. ಆಮೇಲೆ ಅವರೇ ದೊಡ್ಡ ಚಾನೆಲ್ಲುಗಳಲ್ಲಿ ಸಾರ್, ಮೇಡಂ ಆಗುತ್ತಿದ್ದರು. ಇವನಿಗೆ ಅದೇ ಮುರುಕಲು ಕುರ್ಚಿ.

ಈ ಸಲ ಮೈಸೂರಿನ ಕ್ರೈಸ್ತ ಕಾಲೇಜೊಂದರಿಂದ ಬಂದವಳು ರಂಜಿತ. ಪತ್ರಿಕೋದ್ಯಮ ಓದುತ್ತಿದ್ದಳು. ಊರು ನಾಗಮಂಗಲದ ಕಡೆ ಬಿಂಡಿಗನವಿಲೆ.

"ಏನವ್ವ, ನೀನೂ ಸೆಲ್ಫಿ ತಗಂಡು ಓಗಕ್ಕೆ ಬಂದಿದ್ದೀಯಾ?" ಎಂದು ಮೊದಲ ದಿನವೇ ಕುಟುಕಿದ.

"ಸೆಲ್ಫಿಗೆ ಮುಖ ಬ್ಯಾಡ್ವಾ ಅಣ್ಣ? ಊರಲ್ಲಿ ನಮ್ಮನೆ ಕುರಿ ಹಿಂದೆ ಸುತ್ತಿ ಸುತ್ತಿ ಕರ್ರಗಾಗೋಗದೆ. ಕೆಲ್ಸ ಏಳಿ."

ಕೆಲಸ ಹೇಳಿದ. ಮಾಡಿದಳು. ಆದರೆ ಅವಳದೊಂದು ಚಾಳಿ ಶೋಯಬ್‌ಗೆ ತಲೆಬಿಸಿ ತರುತ್ತಿತ್ತು. ಅವನಾದರೆ ಜನರ ಮುಂದೆ ಮೈಕ್ ಹಿಡಿದು, "ಭಾರಿ ಸಂತೋಷ ಆಗೈತೆ ಅನ್ನಿ, ಸಾಕು" ಎಂದು ಹೇಳಿಕೊಟ್ಟು ಮುಂದಿನ ಊರಿಗೆ ಗಾಡಿ ತಿರುಗಿಸುವವನು. ಅವಳು ಎದುರಿಗಿದ್ದವರ ಮಾತು ಮುಗಿಯುವ ತನಕ ಅಲುಗಾಡುತ್ತಿರಲಿಲ್ಲ. ಮುಗಿದ ಮೇಲೂ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ನಿಜವಾದ ಮಾತು ಆಗಲೇ ಬರುತ್ತಿತ್ತು ಎನ್ನುವುದು ಅವನಿಗೆ ಎಡಿಟ್ ಮಾಡುವಾಗ ಗೊತ್ತಾಗುತ್ತಿತ್ತು. ಅದಕ್ಕೂ ಅವನಿಗೆ ಸಿಟ್ಟೇ.

"ಇದ್ಯಾರ್ ಕಲ್ಸುದ್ರು ನಿಂಗೆ?"

"ನಮ್ ಕಾಲೇಜಲ್ಲಿ ಪಾಠ ಮಾಡೋ ಸಿಸ್ಟರ್. ವಾಪಸ್ ಓದ್ಮೇಲೆ ಏನೇನ್ ಮಾಡ್ದೆ ಅಂತ ಕೇಳಲ್ಲ ಅವ್ರು. ಎಲ್ಲಿ ತಪ್ಪು ಮಾಡ್ದೆ, ಅದ್ಕೇನ್ ಮಾಡ್ದೆ, ಕ್ಲಾಸಲ್ಲಿ ಎಲ್ರ ಮುಂದೆ ಏಳು ಅಂತಾರೆ."

ಶೋಯಬ್ ನಕ್ಕುಬಿಟ್ಟ. ತಪ್ಪು ಒಪ್ಪಿಕೊಂಡವನಿಗೆ ಈ ಲೋಕದಲ್ಲಿ ಒದೆ ಬಿಟ್ಟು ಬೇರೇನೂ ಸಿಕ್ಕಿದ್ದನ್ನು ಅವನು ಕಂಡಿರಲಿಲ್ಲ.

ಅವಳ ಇಂಟರ್ನ್‌ಶಿಪ್ ಮುಗಿಯಲು ಇನ್ನೆರಡು ದಿನವಿದ್ದಾಗ ತೊಣ್ಣೂರಿನ ಮರಿಸ್ವಾಮಿ ಎಂಬುವವರು ತೀರಿಕೊಂಡರು. ಶ್ರದ್ಧಾಂಜಲಿ ಹಾಕಿ ಎಂದು ಮನೆಯವರು ಫೋನ್ ಮಾಡಿದರು. ಆ ಗೋಳಿನಲ್ಲಿ ಫೋಟೊ ಕಳಿಸುವುದನ್ನು ಮರೆತರು. ಬುಲೆಟಿನ್ನಿಗೆ ಹೊತ್ತಾಗಿತ್ತು. ಶೋಯಬ್ ಕಂಪ್ಯೂಟರಿನಲ್ಲಿ ಮರಿಸ್ವಾಮಿ ಎಂದು ಹುಡುಕಿದ. ಪೇಟ ಸುತ್ತಿ, ಶಾಲು ಹೊದ್ದ ಒಬ್ಬ ಯಜಮಾನರ ಫೋಟೊ ಸಿಕ್ಕಿತು. ಹಾರದ ನಡುವೆ ಅಂಟಿಸಿ, ಕೆಳಗೆ ಎರಡು ದೀಪ ಉರಿಸಿದ. ರಂಜಿತ ಸುದ್ದಿ ಓದಿದಳು. ಆಮೇಲೆ ರಾತ್ರಿಯೆಲ್ಲ ಹಾಕುವ ಸಿನಿಮಾ ಹಾಡುಗಳ ನಡುವೆ, ಹಾಡಿಗೊಂದು ಸಲ ಆ ಫೋಟೊ ಬೆಳಗಿನವರೆಗೂ ಬಂತು.

ಬೆಳಿಗ್ಗೆ ಆಫೀಸಿನ ಫೋನು ಬಡಿದುಕೊಂಡಿತು.

"ಲೇ ಯಾರ್ಲಾ ಅದು? ನಾನು ಸತ್ತೋಗಿರೋ ಮರಿಸ್ವಾಮಿ ಮಾತಾಡ್ತಾ ಇವ್ನಿ."

ಶೋಯಬ್ ಕಂಪ್ಯೂಟರಿನಲ್ಲಿ ಆ ಫೋಟೊ ಮತ್ತೆ ತೆರೆದ. ಅದು ಬೂಕನಕೆರೆಯ ಮರಿಸ್ವಾಮಿ. ಡೇರಿಯವರು ಸನ್ಮಾನ ಮಾಡಿದಾಗ ಇವನೇ ತೆಗೆದಿದ್ದ ಫೋಟೊ.

ಚಾನೆಲ್ ಮಾಲೀಕ ನಾಗರಾಜು ತಲೆ ಕೆಡಿಸಿಕೊಳ್ಳಲಿಲ್ಲ. "ತೆಗ್ದಾಕ್ಬುಡ್ಲಾ. ಯಾರಾದ್ರೂ ಕೇಳುದ್ರೆ ಆ ಇಂಟರ್ನ್‌ಶಿಪ್ ಉಡ್ಗಿ ಮಾಡುದ್ಲು ಅನ್ನು. ನಾಳೆ ಓಯ್ತಾಳೆ, ಅವಳ್ಗೇನು?"

ಶೋಯಬ್ ಹೇಳಿದಂತೆ ಫೋಟೊ ತೆಗೆದುಹಾಕಿದ. ಈ ಕೆಲಸ ಹೋದರೆ ಮತ್ತೆ ಲೈಟು ಹಿಡಿಯಬೇಕು. ತಿರುಗಿ ನೋಡಿದರೆ ರಂಜಿತ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಣ್ಣ, ಗಾಡಿ ತೆಗೀರಿ. ಬೂಕನಕೆರೆಗೆ ಓಗಣ."

"ಉಚ್ಚು ಇಡ್ದೈತಾ ನಿಂಗೆ? ಒಡೀತಾರೆ ಕಣವ್ವ!"

"ಒಡುದ್ರೆ ಇಬ್ರೂ ತಿನ್ನಣ."

ಚಿನಕುರಳಿ ದಾಟಿ ಬೈಕು ಬೂಕನಕೆರೆ ಸೇರಿತು.

ಸತ್ತ ಮರಿಸ್ವಾಮಿ ಜಗುಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದರು. "ಬನ್ನಿ ಬನ್ನಿ. ತಿಥಿಗೆ ಬಂದ್ರಾ? ಇನ್ನೂ ಒಲೆನೇ ಅಚ್ಚಿಲ್ಲ" ಎಂದು ನಕ್ಕರು. "ಓಗ್ಲಿ ಬುಡಿ, ಆಯಸ್ಸು ಎಚ್ಚಾಯ್ತು."

ಅವರ ಹೆಂಡತಿ ದೊಡ್ಡತಾಯಮ್ಮ ನಗಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದ ಆಕೆಯ ಕಣ್ಣು ಕೆಂಡವಾಗಿತ್ತು.

"ನಗ್ತಾನೆ ನೋಡು, ಅವ್ನಿಗೇನು! ಸತ್ತೋನು ಅವ್ನಾದ್ರೆ ಮುಂಡೆಯಾದೋಳು ನಾನು ಕಣವ್ವ." ಆಕೆ ಪಕ್ಕದ ಮನೆಯತ್ತ ಕೈ ತೋರಿಸಿದರು. "ಪಕ್ಕದ್ಮನೆ ಸುನಿತಾ, ನಾನೇ ಎತ್ತಿ ಆಡ್ಸಿದ ಮಗು. ನಾಳೆ ಅವ್ಳ ಅರಿಶಿಣ ಶಾಸ್ತ್ರಕ್ಕೆ ಮೊದ್ಲ ಮುತ್ತೈದೆ ನಾನೇ ಅಂದಿದ್ರು. ಗಂಡಿನ್ ಕಡೆಯೋರು ನಿಮ್ ಟಿವಿ ನೋಡವ್ರೆ. ಬದುಕವ್ನೆ ಅಂತ ಸುನಿತಾ ಮನೆಯೋರು ಏಳುದ್ರೂ, ಅಪಶಕುನ, ಆವಮ್ಮ ಬ್ಯಾಡ ಅಂದವ್ರೆ. ಗಂಡ ಎದ್ರುಗೇ ಕೂತವ್ನೆ. ನಾನು ಕುಂಕುಮ ಇಕ್ಕಂಡು ಬೀದಿಗೆ ಬಂದ್ರೆ ಜನ ಕತ್ತು ನೋಡ್ತಾವ್ರೆ, ತಾಳಿ ಐತಾ ಇಲ್ವಾ ಅಂತ!"

ಶೋಯಬ್ ಸಬೂಬು ಹೇಳಲು ಬಾಯಿ ತೆರೆದ. ರಂಜಿತ ಅವನ ತೋಳು ಹಿಡಿದು ತಡೆದಳು. ಬರಿನೆಲದ ಮೇಲೆ ಆಕೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ದೊಡ್ಡತಾಯಮ್ಮ ಬೈದರು, ಅತ್ತರು, ಮತ್ತೆ ಬೈದರು. ರಂಜಿತ ಒಂದಕ್ಕೂ ಅಡ್ಡ ಬರಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು:

"ತಪ್ಪು ನಮ್ದೇ ಅವ್ವ. ಏನ್ ಮಾಡುದ್ರೆ ಸರಿಯಾಯ್ತದೆ, ನೀವೇ ಏಳಿ."

"ಸತ್ತ ಅಂತ ರಾತ್ರಿಯೆಲ್ಲ ತೋರ್ಸುದ್ರಲ್ಲ, ಬದುಕವ್ನೆ ಅಂತ ತೋರ್ಸಕ್ಕೆ ಏನ್ ರೋಗ ನಿಮ್ಗೆ? ಟಿವೀಲಿ ಸಾಯ್ಸುದ್ರಿ, ಟಿವೀಲೇ ಬದುಕ್ಸಿ."

ಏನು ಮಾಡಿದರೆ ಸರಿಯಾಗುತ್ತದೆ ಎಂದು ಶೋಯಬ್ ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಅವನು ಕ್ಯಾಮೆರಾ ಬ್ಯಾಗು ಬಿಚ್ಚಿದ. ಮರಿಸ್ವಾಮಿ ಹಸುವಿನ ಬೆನ್ನು ಸವರುವುದನ್ನು, ದೊಡ್ಡತಾಯಮ್ಮ ಕನ್ನಡಿಯ ಮುಂದೆ ನಿಂತು ಹಣೆ ತುಂಬ ಕುಂಕುಮ ಇಟ್ಟುಕೊಳ್ಳುವುದನ್ನು ತೆಗೆದ. ತೊಣ್ಣೂರಿಗೂ ಹೋಗಿ, ತೀರಿಕೊಂಡವರ ಮನೆಯಲ್ಲಿ ಕೈಮುಗಿದು, ಸರಿಯಾದ ಫೋಟೊ ತಂದರು.

ಸಂಜೆ ರಂಜಿತ ಬರೆದ ಸುದ್ದಿ ನೋಡಿ ನಾಗರಾಜು ಸಿಟ್ಟಿನಿಂದ ಕುಣಿದಾಡಿದ. "ನಮ್ಮದು ತಪ್ಪು ಅಂತ ನಾವೇ ತಮ್ಟೆ ಒಡ್ಕಳದಾ? ಚಾನೆಲ್ ಮರ್ವಾದೆ ಏನಾಗ್ಬೇಕು? ನೋಡಮ್ಮ, ಇದ್ನ ಓದುದ್ರೆ ನಿನ್ ಸರ್ಟಿಫಿಕೇಟ್ ಮರ್ತುಬುಡು!"

ಸರ್ಟಿಫಿಕೇಟ್ ಇಲ್ಲದಿದ್ದರೆ ಅವಳಿಗೆ ಕಾಲೇಜಿನಲ್ಲಿ ಇಂಟರ್ನ್‌ಶಿಪ್ಪಿನ ಮಾರ್ಕ್ಸೇ ಇಲ್ಲ. ಅದು ಶೋಯಬ್‌ಗೂ ಗೊತ್ತಿತ್ತು. ಅವಳು ಹೋಗಿ ಕ್ಯಾಮೆರಾ ಮುಂದೆ ಕೂತಳು. ದುಪಟ್ಟಾ ಸರಿ ಮಾಡಿಕೊಂಡಳು.

"ನಮಸ್ಕಾರ. ಇವತ್ತಿನ ಮೊದಲನೇ ಸುದ್ದಿ ನಮ್ಮದೇ ತಪ್ಪು."

ಗಾಜಿನಾಚೆಯಿಂದ ನಾಗರಾಜು ದಬದಬ ಬಡಿದ. "ಕಟ್ ಮಾಡ್ಲಾ ಶೋಯಬಾ! ಕಟ್ ಮಾಡ್ಲಾ!"

ಲೈವ್ ನಿಲ್ಲಿಸುವ ಬಟನ್ ಶೋಯಬ್‌ನ ಹೆಬ್ಬೆರಳ ಕೆಳಗೇ ಇತ್ತು.

"ನಿನ್ನೆ ತೊಣ್ಣೂರಿನ ಮರಿಸ್ವಾಮಿಯವರು ತೀರಿಕೊಂಡರು. ಅವರ ಫೋಟೊ ಇದು. ನಾವು ತೋರಿಸಿದ್ದು ಬೂಕನಕೆರೆಯ ಮರಿಸ್ವಾಮಿಯವರ ಫೋಟೊ. ಅವರು ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಮನೆಯವರನ್ನು ಒಂದು ಮಾತು ಕೇಳದೆ ಓದಿದ್ದು ನಾನು. ಎರಡೂ ಮನೆಯವರ ಕ್ಷಮೆ ಕೇಳುತ್ತೇನೆ."

ಶೋಯಬ್‌ನ ಹೆಸರನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು. ಈಗ ಕಿವಿಯವರೆಗೂ ನಾಚಿಕೆ ಏರಿತು. ಪಕ್ಕದಲ್ಲಿದ್ದ ಮೈಕನ್ನು ಬಾಯಿಗೆ ಹಿಡಿದ.

"ಫೋಟೊ ಆಕಿದ್ದು ನಾನು. ಶೋಯಬ್ ಅಂತ. ಆವಮ್ಮನ್ ಕುಂಕುಮದ್ ತಂಟೆಗೆ ಯಾರೂ ಓಗ್ಬೇಡಿ. ತಪ್ಪು ನಮ್ದು, ಶಕುನದ್ದಲ್ಲ." ಹಾಗೆಂದು ಬೂಕನಕೆರೆಯ ವಿಡಿಯೋ ಹಾಕಿದ. ದೊಡ್ಡತಾಯಮ್ಮನ ಹಣೆ, ಆ ದೊಡ್ಡ ಕುಂಕುಮ ಪರದೆಯ ತುಂಬ ಬಂತು.

ಬುಲೆಟಿನ್ ಮುಗಿಯುವ ಮೊದಲೇ ಫೋನು ಶುರುವಾಯಿತು. ಬೈಗುಳವೇ ಎಂದುಕೊಂಡು ನಾಗರಾಜು ರಿಸೀವರ್ ಎತ್ತಿದ. ಶ್ರೀರಂಗಪಟ್ಟಣದಿಂದ ಯಾರೋ: ನಮ್ಮ ಹುಡುಗನನ್ನೂ ಕಳ್ಳ ಅಂದಿದ್ದಿರಿ, ಆಮೇಲೆ ಅಲ್ಲ ಅಂತ ಗೊತ್ತಾಯಿತು, ಅದನ್ನೂ ಹೀಗೇ ಹೇಳ್ತೀರಾ? ಕೆ.ಆರ್. ಪೇಟೆಯಿಂದ ಒಬ್ಬರು: ಇನ್ನು ಮೇಲೆ ನಮ್ಮೂರ ಸುದ್ದಿ ನಿಮಗೇ ಕೊಡ್ತೀವಿ. ನಾಗರಾಜುವಿನ ಮುಖದ ಮೇಲಿನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತಿತ್ತು. ಕೊನೆಗೆ ರಂಜಿತಳ ಕಡೆ ತಿರುಗಿ, "ಲೆಟರ್‌ಹೆಡ್ ಎಲ್ಲವ್ವ ಐತೆ? ಏನ್ ಬರೀಬೇಕು ನಿನ್ ಸರ್ಟಿಫಿಕೇಟಲ್ಲಿ?" ಎಂದ.

"ನಡೆದಿದ್ನೇ ಬರೀರಿ ಸಾರ್. ತಪ್ಪಾಗಿದ್ದೂ ಬರೀರಿ."

ಅಷ್ಟರಲ್ಲಿ ಮತ್ತೆ ಫೋನು. ಈ ಸಲ ಶೋಯಬ್ ಎತ್ತಿದ.

"ಏನ್ಲಾ ಸಾಬಿ," ದೊಡ್ಡತಾಯಮ್ಮನ ದನಿ, ಹಿಂದೆ ಹೆಂಗಸರ ಗಲಾಟೆ. "ಬೀಗ್ರು ಫೋನ್ ಮಾಡಿದ್ರು. ಬೆಳುಗ್ಗೆ ಮೊದ್ಲ ಅರಿಶಿಣ ನಂದೇಯ. ಆ ಮಗೀಗೆ ಕೊಡು ಫೋನ, ನೀನಲ್ಲ. ನಾಳೆ ಶಾಸ್ತ್ರಕ್ಕೆ ಬರೋವಾಗ ಅವ್ಳು ಸೀರೆ ಉಡ್ತಾಳಾ, ಲಂಗ ದಾವಣಿನಾ, ಕೇಳ್ಬೇಕು ನಾನು."